ವಿಷಯದ ಸಾಲೊಂದೇ ಇರುವ ಕಡತ: ಸ್ಕ್ಯಾನ್ ಆದ ಮೇಲೂ ಹುಡುಕಿದಾಗ ಏಕೆ ಸಿಗುವುದಿಲ್ಲ?

ಭೂ ಸುರಕ್ಷಾ ಯೋಜನೆಯಡಿ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನ ಹಳೆಯ ಕಡತ, ರಿಜಿಸ್ಟರ್‌ಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಸೇರಿಸುವ ಕೆಲಸ ರಾಜ್ಯದಲ್ಲೆಲ್ಲ ನಡೆದಿದೆ. ಕೋಟಿಗಟ್ಟಲೆ ಪುಟ ಸ್ಕ್ಯಾನ್ ಆಯಿತು ಎಂಬ ಸುದ್ದಿ ಓದಿದ ಸಕಲೇಶಪುರದ ಬೆಳೆಗಾರನಿಗೋ ಕಡೂರಿನ ರೈತನಿಗೋ ಮೊದಲು ಬರುವ ಯೋಚನೆ ಒಂದೇ: ಅಜ್ಜನ ಕಾಲದ ಸಾಗುವಳಿ ಚೀಟಿಯನ್ನು (ಸರ್ಕಾರ ಜಮೀನು ಮಂಜೂರು ಮಾಡಿ ಕೊಟ್ಟ ಪತ್ರ) ಇನ್ನು ಹುಡುಕಿಸಬೇಕಾಗಿಲ್ಲ, ಹೆಸರು ಮತ್ತು ಸರ್ವೆ ನಂಬರ್ ಟೈಪ್ ಮಾಡಿದರೆ ಸಾಕು. ಹಾಗೆ ಟೈಪ್ ಮಾಡಿದಾಗ ಪರದೆ 'ಯಾವುದೇ ದಾಖಲೆ ಕಂಡುಬಂದಿಲ್ಲ' ಎಂದರೆ ಗೊಂದಲ ಶುರು. ಕಾಗದ ಕಳೆದುಹೋಗಿದೆಯೇ? ಸ್ಕ್ಯಾನ್ ಮಾಡುವಾಗ ಬಿಟ್ಟರೇ? ಯಾರಾದರೂ ತೆಗೆದರೇ?

ಇವುಗಳಲ್ಲಿ ಒಂದೂ ಆಗಿರದೆ, ಕಡತ ಭದ್ರವಾಗಿದ್ದು, ಸ್ಕ್ಯಾನೂ ಸರಿಯಾಗಿದ್ದು, ಆದರೂ ಹುಡುಕಾಟದಲ್ಲಿ ಸಿಗದೇ ಇರಬಹುದು. ಅದಕ್ಕೆ ಕಾರಣ ಕಡತದ ಮೇಲಿನ ಒಂದು ಸಾಲು, ಆ ಸಾಲನ್ನು ಯಂತ್ರ ನಡೆಸಿಕೊಳ್ಳುವ ರೀತಿ.

ಸ್ಕ್ಯಾನ್ ಬೇರೆ, ಹುಡುಕಾಟ ಬೇರೆ

ಸ್ಕ್ಯಾನರ್ ಕೊಡುವುದು ಚಿತ್ರ. ಪಿಡಿಎಫ್ ತೆರೆದಾಗ ನಮ್ಮ ಕಣ್ಣಿಗೆ 'ಅರಕಲಗೂಡು ತಾಲ್ಲೂಕು' ಎಂಬ ಅಕ್ಷರ ಕಾಣುತ್ತದೆ. ಕಂಪ್ಯೂಟರಿಗೆ ಕಾಣುವುದು ಬಿಳಿ ಹಿನ್ನೆಲೆಯ ಮೇಲಿನ ಕಪ್ಪು ಚುಕ್ಕಿ ಮಾತ್ರ. ಆ ಚಿತ್ರದಿಂದ ಅಕ್ಷರ ಹೆಕ್ಕುವ ಕೆಲಸ ಪ್ರತ್ಯೇಕ. ಅದಕ್ಕೆ ಓಸಿಆರ್ ಎನ್ನುತ್ತಾರೆ. ಅಚ್ಚಾದ ಕನ್ನಡವನ್ನು ಇಂದಿನ ಓಸಿಆರ್ ತಕ್ಕಮಟ್ಟಿಗೆ ಓದುತ್ತದೆ. ಶಾನುಭೋಗರ ಕೂಡುಬರಹ, ಮಾಸಿದ ಶಾಯಿ, ಗೆದ್ದಲು ತಿಂದ ಅಂಚು, ಗೆರೆಯ ಕೆಳಗೆ ಇಳಿದ ಒತ್ತಕ್ಷರ, ಅಕ್ಷರದ ಮೇಲೇ ಬಿದ್ದ ಮೊಹರು ಎದುರಾದರೆ ತಡವರಿಸುತ್ತದೆ.

ಆದ್ದರಿಂದ ಇಂಥ ಕೆಲಸಗಳಲ್ಲಿ ಸಾಮಾನ್ಯವಾಗಿ ಹಿಡಿಯುವ ದಾರಿ ಇಂಡೆಕ್ಸಿಂಗ್. ಕಡತದ ಮುಖಪುಟ ನೋಡಿ ಒಬ್ಬ ಆಪರೇಟರ್ ಕಡತ ಸಂಖ್ಯೆ ಮತ್ತು ವಿಷಯ ಇಷ್ಟನ್ನು ಟೈಪ್ ಮಾಡುತ್ತಾನೆ. ಸರ್ಕಾರಿ ಪತ್ರ ಓದಿದವರಿಗೆಲ್ಲ ಗೊತ್ತಿರುವ 'ವಿಷಯ: ... ಬಗ್ಗೆ' ಎಂಬ ಸಾಲೇ ಇದು. ಒಳಗೆ 80 ಪುಟ ಇರಲಿ, 200 ಪುಟ ಇರಲಿ, ಹುಡುಕಾಟದ ಮಟ್ಟಿಗೆ ಆ ಕಡತ ಎಂದರೆ ಆರೇಳು ಪದ. ಉಳಿದದ್ದೆಲ್ಲ ಚಿತ್ರ.

ಪದ ಹೆಚ್ಚಿಸಿದಷ್ಟೂ ಕಡತ ದೂರ

ಹುಡುಕುವ ಯಂತ್ರ ಪ್ರತಿ ಸಲವೂ ಕಡತಗಳನ್ನು ತಿರುವಿ ಹಾಕುವುದಿಲ್ಲ. ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂಥದ್ದನ್ನು ಮೊದಲೇ ಕಟ್ಟಿಟ್ಟುಕೊಂಡಿರುತ್ತದೆ: 'ಹೇಮಾವತಿ' ಎಂಬ ಪದ ಈ ಈ ಕಡತಗಳಲ್ಲಿದೆ, 'ಮಂಜೂರಾತಿ' ಎಂಬ ಪದ ಇವುಗಳಲ್ಲಿದೆ, ಹೀಗೆ. ನೀವು ಕೇಳಿದಾಗ ಆ ಪಟ್ಟಿ ನೋಡಿ, ಸಿಕ್ಕವುಗಳಿಗೆ ಅಂಕ ಕೊಟ್ಟು, ಹೆಚ್ಚು ಅಂಕದ್ದನ್ನು ಮೇಲಿಡುತ್ತದೆ.

ಅಂಕ ಕೊಡುವ ಸೂತ್ರಗಳಲ್ಲಿ ಅತ್ಯಂತ ಬಳಕೆಯಲ್ಲಿರುವುದು ಬಿಎಂ25. ಅದರ ನ್ಯಾಯ ಸರಳ. 300 ಪದಗಳ ಬರಹದಲ್ಲಿ 'ಹೇಮಾವತಿ' ಒಮ್ಮೆ ಬಂದರೆ ಅದು ಹಾದುಹೋದ ಉಲ್ಲೇಖವಿರಬಹುದು. 6 ಪದಗಳ ಬರಹದಲ್ಲಿ ಒಮ್ಮೆ ಬಂದರೆ ಬರಹವೇ ಹೇಮಾವತಿಯದು. ಹಾಗಾಗಿ ಚಿಕ್ಕ ಬರಹಕ್ಕೆ ಹೆಚ್ಚು ಅಂಕ. ಸೂತ್ರದಲ್ಲಿ ಸಾಮಾನ್ಯವಾಗಿ ಇಟ್ಟಿರುವ 1.2 ಮತ್ತು 0.75 ಎಂಬ ಎರಡು ಬೆಲೆಗಳನ್ನೇ ಹಿಡಿದು, ಕಡತಗಳ ಸರಾಸರಿ ಉದ್ದ 300 ಪದ ಎಂದುಕೊಂಡು ಲೆಕ್ಕ ಹಾಕಿ ನೋಡಿ. 300 ಪದಗಳ ಕಡತದಲ್ಲಿ ಪದ ಒಮ್ಮೆ ಬಂದರೆ 1 ಅಂಕ, ಮೂರು ಸಲ ಬಂದರೆ ಸುಮಾರು 1.57. 6 ಪದಗಳ ವಿಷಯದ ಸಾಲಿನಲ್ಲಿ ಒಮ್ಮೆ ಬಂದರೆ ಸುಮಾರು 1.67. ಅಂದರೆ ಹೆಸರು ಒಮ್ಮೆ ಮಾತ್ರ ಇರುವ ಖಾಲಿ ಕಡತ, ಅದೇ ಹೆಸರನ್ನು ಮೂರು ಸಲ ಚರ್ಚಿಸಿರುವ ಪೂರ್ಣ ಕಡತಕ್ಕಿಂತ ಮೇಲೆ ಬರುತ್ತದೆ. ಇತ್ತೀಚಿನ ಟೈಪ್ ಮಾಡಿದ ಕಡತಗಳೂ ಹಳೆಯ ಸ್ಕ್ಯಾನ್ ಕಡತಗಳೂ ಒಂದೇ ಸೂಚಿಯಲ್ಲಿ ಬೆರೆತಾಗ ಈ ಏರುಪೇರು ಎದ್ದು ಕಾಣುತ್ತದೆ.

ಈಗ ಇದೇ ಕಡತವನ್ನು ಇನ್ನಷ್ಟು ವಿವರ ಕೊಟ್ಟು ಹುಡುಕಿ: 'ಹೇಮಾವತಿ ಪುನರ್ವಸತಿ ಮಂಜೂರಾತಿ 1978 ಆಲೂರು'. ಹಲವು ವ್ಯವಸ್ಥೆಗಳು ಕೊಟ್ಟ ಎಲ್ಲ ಪದಗಳೂ ಇರಲೇಬೇಕು ಎಂಬ ನಿಯಮದಲ್ಲಿ ನಡೆಯುತ್ತವೆ. ವಿಷಯದ ಸಾಲಿನಲ್ಲಿ 1978 ಇಲ್ಲ, ಆಲೂರು ಇಲ್ಲ. ಅವು ಒಳಗಿನ ಪುಟದಲ್ಲಿವೆ, ಚಿತ್ರವಾಗಿ. ಕ್ಷಣದ ಹಿಂದೆ ಮೊದಲ ಸ್ಥಾನದಲ್ಲಿದ್ದ ಕಡತ ಪಟ್ಟಿಯಿಂದಲೇ ಮಾಯ.

ಜನ ಎಡವುವುದು ಇಲ್ಲೇ. ಗುಮಾಸ್ತನ ಎದುರು ನಿಂತಾಗ ಹೆಚ್ಚು ವಿವರ ಕೊಟ್ಟಷ್ಟೂ ಕೆಲಸ ಬೇಗ ಆಗುತ್ತದೆ. ವಿಷಯದ ಸಾಲೊಂದೇ ಇರುವ ಕಡತಕ್ಕೆ ಮಾತ್ರ ಇದು ತಿರುಗುಮುರುಗು: ಸೇರಿಸಿದ ಪ್ರತಿಯೊಂದು ಪದವೂ ಅದನ್ನು ಹೊರಗಿಡಲು ಇನ್ನೊಂದು ಕಾರಣವಾಗುತ್ತದೆ.

'ಖಾಲಿ'ಯೂ 'ಇಲ್ಲ'ವೂ ಒಂದೇ ಅಲ್ಲ

ಇದಕ್ಕಿಂತ ಕೆಟ್ಟದ್ದೊಂದಿದೆ. ಅದರಲ್ಲಿ ಕಡತ ಯಾವ ಪದಕ್ಕೂ ಸಿಗುವುದಿಲ್ಲ.

ಡೇಟಾಬೇಸ್‌ನಲ್ಲಿ ಒಂದು ಕಡತಕ್ಕೆ 'ವಿಷಯ' ಎಂಬ ಒಂದು ಅಂಕಣ, 'ಪಠ್ಯ' ಎಂಬ ಇನ್ನೊಂದು ಅಂಕಣ ಇರುತ್ತದೆ ಎಂದುಕೊಳ್ಳಿ. ಸೂಚಿ ಕಟ್ಟುವ ಮೊದಲು ಎರಡನ್ನೂ ಜೋಡಿಸಿ ಒಂದೇ ಸಾಲು ಮಾಡುವುದು ರೂಢಿ. ಪಠ್ಯದ ಅಂಕಣ ಖಾಲಿಯಾಗಿದ್ದರೆ ತೊಂದರೆಯಿಲ್ಲ, ವಿಷಯವಾದರೂ ಉಳಿಯುತ್ತದೆ. ಆದರೆ ಅಂಕಣಕ್ಕೆ ಯಾರೂ ಏನನ್ನೂ ತುಂಬದೇ ಹೋದರೆ ಅಲ್ಲಿ ಕೂರುವುದು ಖಾಲಿ ಸಾಲಲ್ಲ, 'ನಲ್'. ಅದರ ಅರ್ಥ 'ಬೆಲೆ ಗೊತ್ತಿಲ್ಲ'. ಡೇಟಾಬೇಸ್‌ಗಳ ಭಾಷೆಯಾದ ಎಸ್‌ಕ್ಯೂಎಲ್‌ನ ನಿಯಮದಲ್ಲಿ ಗೊತ್ತಿರುವುದಕ್ಕೆ ಗೊತ್ತಿಲ್ಲದ್ದನ್ನು ಜೋಡಿಸಿದರೆ ಬರುವುದೂ ಗೊತ್ತಿಲ್ಲದ್ದೇ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಎರಡು ಗೆರೆಯ ಚಿಹ್ನೆಯಿಂದ ಜೋಡಿಸಿದರೂ ಅಷ್ಟೆ, ಅಂಥದ್ದೇ ಇನ್ನೊಂದಾದ ಮೈಎಸ್‌ಕ್ಯೂಎಲ್‌ನ 'ಕಾನ್‌ಕ್ಯಾಟ್' ಎಂಬ ಜೋಡಿಸುವ ಆಜ್ಞೆ ಬಳಸಿದರೂ ಅಷ್ಟೆ: ಆಪರೇಟರ್ ಸರಿಯಾಗಿ ಟೈಪ್ ಮಾಡಿದ ವಿಷಯದ ಸಾಲೂ ಸೇರಿ ಇಡೀ ಫಲಿತಾಂಶ ನಲ್ ಆಗುತ್ತದೆ. ಆ ಕಡತ ಸೂಚಿಗೆ ಹೋಗುವುದೇ ಇಲ್ಲ. ಯಾವ ದೋಷ ಸಂದೇಶವೂ ಬರುವುದಿಲ್ಲ. ಕಡತ ಸಂಖ್ಯೆ ಕೊಟ್ಟು ನೇರವಾಗಿ ತೆರೆದರೆ ಎಲ್ಲವೂ ಸರಿಯಾಗಿ ಕಾಣುವುದರಿಂದ ಪರೀಕ್ಷೆಯಲ್ಲೂ ಸಿಕ್ಕಿಬೀಳುವುದಿಲ್ಲ.

ಪರಿಹಾರ ಒಂದೇ ಸಾಲಿನದು. ಜೋಡಿಸುವ ಮೊದಲು ಪ್ರತಿ ಅಂಕಣವನ್ನೂ 'ಕೋಅಲೆಸ್' ಎಂಬ ಆಜ್ಞೆಯ ಮೂಲಕ ಹಾಯಿಸಿ ನಲ್ ಇದ್ದಲ್ಲಿ ಖಾಲಿ ಸಾಲು ಇಡುವುದು. ಮೈಎಸ್‌ಕ್ಯೂಎಲ್‌ನಲ್ಲಾದರೆ ನಲ್ ಇದ್ದದ್ದನ್ನು ಬಿಟ್ಟು ಉಳಿದದ್ದನ್ನು ಜೋಡಿಸುವ 'ಕಾನ್‌ಕ್ಯಾಟ್ ಡಬ್ಲ್ಯೂಎಸ್' ಬಳಸುವುದು. ತಪಾಸಣೆಯೂ ಸುಲಭ: ಡೇಟಾಬೇಸ್‌ನಲ್ಲಿ ಎಷ್ಟು ಕಡತ ಇವೆ, ಸೂಚಿಯಲ್ಲಿ ಎಷ್ಟು ಇವೆ ಎಂದು ಎಣಿಸಿ ತಾಳೆ ನೋಡುವುದು. ವ್ಯತ್ಯಾಸ ಬಂದರೆ ಅಷ್ಟು ಕುಟುಂಬಗಳ ಕಾಗದ ಕತ್ತಲಲ್ಲಿದೆ ಎಂದೇ ಲೆಕ್ಕ.

ಸಂಖ್ಯೆಗಳಲ್ಲೂ ಇಂಥದ್ದೇ ಬಲೆ. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಎಂಬ ಬಗೆಯ ಪಠ್ಯಸೂಚಿ, ಸೆಟ್ಟಿಂಗ್ ಬದಲಿಸದಿದ್ದರೆ, 3 ಅಕ್ಷರಕ್ಕಿಂತ ಚಿಕ್ಕ ಪದಗಳನ್ನು ಸೇರಿಸಿಕೊಳ್ಳುವುದೇ ಇಲ್ಲ. ಸರ್ವೆ ನಂಬರ್ 145 ಸಿಗುತ್ತದೆ, 45 ಸಿಗುವುದಿಲ್ಲ. '45/2' ಎಂಬುದನ್ನು ಹಲವು ವ್ಯವಸ್ಥೆಗಳು ಓರೆಗೆರೆಯಲ್ಲಿ ಮುರಿದು 45 ಬೇರೆ, 2 ಬೇರೆ ಮಾಡುತ್ತವೆ. ಆಗ ಹಿಸ್ಸಾ ನಂಬರಿಗೆ, ಅಂದರೆ ಸರ್ವೆ ನಂಬರಿನ ಒಳಭಾಗದ ಸಂಖ್ಯೆಗೆ, ಅರ್ಥವೇ ಉಳಿಯುವುದಿಲ್ಲ.

ಕನ್ನಡದ್ದೇ ಆದ ತೊಡಕುಗಳು

ಇಂಗ್ಲಿಷ್ ಕಡತಕ್ಕೆ ಆರು ಪದದ ವಿಷಯ ಸಾಕಾಗಬಹುದು. ಕನ್ನಡಕ್ಕೆ ಏಕೆ ಸಾಲದು ಎನ್ನುವುದಕ್ಕೆ ನಮ್ಮ ವಿಭಕ್ತಿಗಳನ್ನೇ ನೋಡಿ. ಜಮೀನು, ಜಮೀನಿನ, ಜಮೀನಿಗೆ, ಜಮೀನನ್ನು, ಜಮೀನಿನಲ್ಲಿ: ನಮಗೆ ಒಂದೇ ಪದ, ಯಂತ್ರಕ್ಕೆ ಐದು. ಪ್ರತ್ಯಯ ಕಳಚಿ ಮೂಲರೂಪಕ್ಕೆ ತರುವ ಸಲಕರಣೆ ಹಿಂದಿ, ತಮಿಳಿನಂಥ ಭಾಷೆಗಳಿಗೆ ಬಳಕೆಯಲ್ಲಿರುವ ತಂತ್ರಾಂಶಗಳ ಜತೆಗೇ ಬರುತ್ತದೆ. ಕನ್ನಡಕ್ಕೆ ಸಾಮಾನ್ಯವಾಗಿ ಪ್ರತ್ಯೇಕವಾಗಿ ಮಾಡಿಸಿಕೊಳ್ಳಬೇಕು. ಉದ್ದದ ಬರಹದಲ್ಲಿ ಈ ಕೊರತೆ ಅಷ್ಟಾಗಿ ಕಾಣದು, ಏಕೆಂದರೆ ಹತ್ತು ಪುಟದಲ್ಲಿ 'ಬೇಲೂರು', 'ಬೇಲೂರಿನ', 'ಬೇಲೂರಿಗೆ' ಎಲ್ಲವೂ ಎಲ್ಲಾದರೂ ಬಂದೇ ಬರುತ್ತವೆ. ವಿಷಯದ ಸಾಲಿನಲ್ಲಿ ಒಂದೇ ರೂಪ ಇರುತ್ತದೆ, ಅದೂ ಆಪರೇಟರ್ ಆರಿಸಿದ್ದು.

ಇನ್ನು ಅಕ್ಷರಕ್ಕೇ ಬನ್ನಿ. 'ನಂಬರ್' ಎಂಬ ಪದವನ್ನು ಅನುಸ್ವಾರದಿಂದ ಬರೆಯಬೇಕು. ಸೊನ್ನೆ ತಾನೇ ಎಂದು ಕನ್ನಡ ಅಂಕಿ ಸೊನ್ನೆ ಹಾಕಿ 'ನ೦ಬರ್' ಎಂದು ಟೈಪ್ ಮಾಡಿರುವುದು ಎಲ್ಲೆಲ್ಲೂ ಸಿಗುತ್ತದೆ. ಓದುವಾಗ ವ್ಯತ್ಯಾಸ ಕಾಣುವುದೇ ಇಲ್ಲ. ಯೂನಿಕೋಡ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಸಂಕೇತ, ಆದ್ದರಿಂದ ಒಂದನ್ನು ಹುಡುಕಿದರೆ ಇನ್ನೊಂದು ಸಿಗದು. 'ಸರ್ವೆ'ಯ ಅರ್ಕಾವೊತ್ತಿನ ಬದಲು ಅಂಕಿ ಒಂಬತ್ತನ್ನು ಹಾಕಿ 'ಸವೆ೯' ಎಂದು ಬರೆಯುವ ಅಭ್ಯಾಸವೂ ಹಾಗೇ. ಸರ್ವೆ ನಂಬರ್ ಎಂಬ ಎರಡೇ ಪದ, ಅವುಗಳಲ್ಲೇ ನಾಲ್ಕು ಬಗೆ, 'ಸ.ನಂ.' ಎಂಬ ಸಂಕ್ಷೇಪ ಸೇರಿದರೆ ಐದು. 'ಕೊ'ದಲ್ಲಿರುವ ಒಕಾರವನ್ನು ಒಂದೇ ಸಂಕೇತವಾಗಿಯೂ, ಎಕಾರ ಮತ್ತು ಊಕಾರ ಎಂಬ ಎರಡು ಸಂಕೇತ ಜೋಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಸೂಚಿ ಕಟ್ಟುವ ಮುನ್ನ ಎಲ್ಲವನ್ನೂ ಒಂದೇ ರೂಪಕ್ಕೆ ತರದಿದ್ದರೆ ಕೊಪ್ಪ ತಾಲ್ಲೂಕೇ ಎರಡು ಹೋಳಾಗುತ್ತದೆ.

ಯೂನಿಕೋಡ್ ಬರುವ ಮುನ್ನ, ಅದು ಬಂದ ಮೇಲೂ ಬಹುಕಾಲ, ನುಡಿ ಮತ್ತು ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಆದ ಪಟ್ಟಿಗಳ ಕಥೆ ಇನ್ನೂ ಬೇರೆ. ಅಲ್ಲಿ 'ಹಾಸನ' ಎಂದು ಕಾಣುವುದು ಫಾಂಟಿನ ವೇಷ ಮಾತ್ರ. ಒಳಗೆ ಇರುವುದು ಪರಭಾಷೆಯ ಚಿಹ್ನೆಗಳ ಸರಣಿ. ಅಂಥ ಪಟ್ಟಿಯನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಹಾಗೇ ಆಮದು ಮಾಡಿಕೊಂಡರೆ ಕನ್ನಡದಲ್ಲಿ ಎಷ್ಟು ಹುಡುಕಿದರೂ ಫಲವಿಲ್ಲ.

ಕಡೂರು ಜಿಲ್ಲೆಯ ಕಡತ

ಹಾಸನ, ಚಿಕ್ಕಮಗಳೂರು ಎಂಬ ನಮ್ಮ ಎರಡು ಜಿಲ್ಲೆಗಳಿಗೆ ವಿಶೇಷವಾಗಿ ತಟ್ಟುವ ಕಾರಣವೂ ಒಂದಿದೆ. ಇಂದಿನ ಚಿಕ್ಕಮಗಳೂರು ಜಿಲ್ಲೆ 1947ರವರೆಗೆ ಕಡೂರು ಜಿಲ್ಲೆ. ಅದಕ್ಕೂ ಹಿಂದಿನ ಕಡತದ ಮುಖಪುಟದಲ್ಲಿ 'ಕಡೂರು ಜಿಲ್ಲೆ' ಎಂದೇ ಇರುತ್ತದೆ. ಚಿಕ್ಕಮಗಳೂರು ಎಂದು ಹುಡುಕಿದರೆ ಅದು ಬಾರದು. ಕಡೂರು ಎಂದು ಹುಡುಕಿದರೆ ಕಡೂರು ತಾಲ್ಲೂಕಿನ ಕಡತಗಳ ರಾಶಿಯಲ್ಲಿ ಶೃಂಗೇರಿಯದೂ ಮೂಡಿಗೆರೆಯದೂ ಕಲಸಿಹೋಗುತ್ತದೆ. ನರಸಿಂಹರಾಜಪುರದ ಹಳೆಯ ಹೆಸರು ಎಡೇಹಳ್ಳಿ. ಈಗ ತಾಲ್ಲೂಕಾಗಿರುವ ಕಳಸ ಮೊನ್ನೆಮೊನ್ನೆಯವರೆಗೆ ಮೂಡಿಗೆರೆಯಲ್ಲಿತ್ತು, ಅಜ್ಜಂಪುರ ತರೀಕೆರೆಯಲ್ಲಿತ್ತು. ಕಳಸದ ತೋಟದ 1960ರ ದಶಕದ ಕಾಗದವನ್ನು ಕಳಸ ತಾಲ್ಲೂಕು ಎಂದು ಆರಿಸಿ ಹುಡುಕುವವರು ಬರಿಗೈಯಲ್ಲಿ ಬರುತ್ತಾರೆ.

ಹಾಸನದ ಕಡೆ ಜಿಲ್ಲೆಯ ಹೆಸರು ಬದಲಾಗಿಲ್ಲ, ಬರೆಯುವ ಬಗೆ ಬದಲಾಗುತ್ತದೆ. ಹೊಳೆನರಸೀಪುರ, ಹೊಳೇನರಸೀಪುರ, ಹೊಳೆನರಸಿಪುರ, ಹೊ.ನ.ಪುರ, ಚನ್ನರಾಯಪಟ್ಟಣ, ಚೆನ್ನರಾಯಪಟ್ಟಣ, ಚ.ರಾ.ಪಟ್ಟಣ. ಇನ್ನು ಹೊಸಹಳ್ಳಿ, ಕೊಪ್ಪಲು ಎಂಬ ಹೆಸರಿನ ಊರುಗಳು ಹೋಬಳಿಗೊಂದರಂತೆ ಸಿಗುವ ಸೀಮೆ ಇದು. ವಿಷಯದ ಸಾಲಿನಲ್ಲಿ ಹೋಬಳಿ ಬರೆಯದೆ 'ಹೊಸಹಳ್ಳಿ' ಎಂದಷ್ಟೇ ಬರೆದಿದ್ದರೆ ಆ ಕಡತ ಯಾವ ಹೊಸಹಳ್ಳಿಯದು ಎಂಬುದು ಒಳಪುಟ ತೆರೆದವರಿಗೆ ಮಾತ್ರ ಗೊತ್ತು.

ಮೂರು ವಾದ

ವಿಷಯದ ಸಾಲು ಸಾಕು ಎನ್ನುವವರ ಲೆಕ್ಕ ಸಮಯದ್ದು. ಕೋಟಿಗಟ್ಟಲೆ ಪುಟವನ್ನು ಪದಪದವಾಗಿ ಓದಿಸುತ್ತ ಕೂತರೆ ಕೆಲಸ ಮುಗಿಯುವಷ್ಟರಲ್ಲಿ ಕಾಗದವೇ ಪುಡಿಯಾಗುತ್ತದೆ, ಮೊದಲು ಚಿತ್ರ ಉಳಿಯಲಿ ಎನ್ನುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ಮಲೆನಾಡಿನ ತೇವದಲ್ಲಿ ಕಾಗದಕ್ಕೆ ಪ್ರತಿ ಮಳೆಗಾಲವೂ ಒಂದು ಗಂಡಾಂತರ.

ಪೂರ್ಣ ಪಠ್ಯವೇ ಬೇಕು ಎನ್ನುವವರಲ್ಲಿ ವಕೀಲರಿದ್ದಾರೆ, ಸಂಶೋಧಕರಿದ್ದಾರೆ, ಪೋಡಿ–ದುರಸ್ತಿಗೆ (ಜಮೀನಿನ ಭಾಗ ಅಳೆದು ಬೇರ್ಪಡಿಸಿ ದಾಖಲೆ ಸರಿಪಡಿಸುವುದಕ್ಕೆ) ಅಲೆಯುವ ರೈತರಿದ್ದಾರೆ. ಜಮೀನು ಮಂಜೂರಾದ ವ್ಯಕ್ತಿಯ ಹೆಸರು, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ), ಗುಂಟೆಯ ಲೆಕ್ಕ ಎಲ್ಲ ಒಳಪುಟದಲ್ಲಿರುವಾಗ ಮುಖಪುಟದ ಸಾಲಿನಿಂದ ಏನು ಪ್ರಯೋಜನ ಎಂಬುದು ಅವರ ಪ್ರಶ್ನೆ. ಆದರೆ ಕೈಬರಹದ ಓಸಿಆರ್ ತಪ್ಪು ಓದುವ ಅಪಾಯ ಇಲ್ಲಿ ದೊಡ್ಡದು. 2-10 ಎಕರೆ 2-40 ಎಂದಾದರೆ, 40 ಗುಂಟೆಗೆ ಒಂದು ಎಕರೆ ಆಗುವುದರಿಂದ, ಹುಡುಕಾಟದಲ್ಲಿ ಅರ್ಥವಿಲ್ಲದ ಅಳತೆಯೊಂದು ಸೇರಿಕೊಳ್ಳುತ್ತದೆ.

ಮೂರನೆಯ ವಾದ ಈ ಎರಡರ ನಡುವಿನದು, ನನಗೆ ಸರಿಯೆನಿಸುವುದೂ ಅದೇ. ಪೂರ್ಣ ಓದು ನಿಧಾನಕ್ಕೆ ಆಗಲಿ. ಆದರೆ ವಿಷಯದ ಸಾಲನ್ನು ಮನಬಂದ ವಾಕ್ಯವಾಗಿ ಬಿಡದೆ ಬಿಡಿ ಅಂಕಣಗಳಾಗಿ ಒಡೆಯಬೇಕು: ಗ್ರಾಮ ಮತ್ತು ಹೋಬಳಿಯನ್ನು ಟೈಪ್ ಮಾಡದೆ ಪಟ್ಟಿಯಿಂದ ಆರಿಸುವುದು, ಸರ್ವೆ ನಂಬರಿಗೂ ಹಿಸ್ಸಾಗೂ ಬೇರೆ ಬೇರೆ ಮನೆ, ವರ್ಷಕ್ಕೆ ಒಂದು, ದಾಖಲೆಯ ಬಗೆಗೆ ಒಂದು, ಅರ್ಜಿದಾರರ ಹೆಸರಿಗೆ ಒಂದು. ಓಸಿಆರ್ ಪಠ್ಯವನ್ನು ಸೇರಿಸುವುದಾದರೆ ಕಡಿಮೆ ತೂಕದ ಪ್ರತ್ಯೇಕ ಅಂಕಣದಲ್ಲಿಟ್ಟು, ಅದು ಯಂತ್ರದ ಓದು ಎಂದು ಗುರುತು ಹಾಕಬೇಕು. ಹಳೆಯ ಮತ್ತು ಹೊಸ ಸ್ಥಳನಾಮಗಳನ್ನು ಜೋಡಿಸುವ ಕೋಷ್ಟಕ ಜಿಲ್ಲೆಗೊಂದು ಇರಬೇಕು. ಇದಕ್ಕೆ ದೊಡ್ಡ ಯಂತ್ರ ಬೇಡ, ಸ್ಥಳ ಬಲ್ಲ ಇಬ್ಬರು ಹಿರಿಯ ನೌಕರರು ಕೂತರೆ ಆಗುವ ಕೆಲಸ.

ವ್ಯತ್ಯಾಸ ಎಷ್ಟೆಂದು ಕಾಣಲು ಒಂದು ಕಲ್ಪಿತ ಕಡತ ತೆಗೆದುಕೊಳ್ಳಿ. 'ವಿಷಯ: ಜಮೀನು ಮಂಜೂರಾತಿ ಕೋರಿ ಸಲ್ಲಿಸಿರುವ ಮನವಿಯ ಬಗ್ಗೆ'. ಆರು ಪದ, ಸಾವಿರ ಕಡತಕ್ಕೆ ಹೊಂದುವ ಸಾಲು. ಅದೇ ಕಡತಕ್ಕೆ 'ದರಖಾಸ್ತು ಮಂಜೂರಾತಿ, ಹೊಸಹಳ್ಳಿ, ಕಸಬಾ ಹೋಬಳಿ, ಆಲೂರು ತಾಲ್ಲೂಕು, ಸರ್ವೆ ನಂಬರ್ 45, 2 ಎಕರೆ, 1962' ಎಂದು ಬರೆದರೆ ಟೈಪ್ ಮಾಡಲು ಇನ್ನು ಅರ್ಧ ನಿಮಿಷ ಹಿಡಿಯಬಹುದು. ಆ ಅರ್ಧ ನಿಮಿಷ ಉಳಿಸಿದರೆ ಮುಂದೆ ಒಂದು ಕುಟುಂಬ ಕಚೇರಿಗೆ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

ಈಗಲೇ ಹುಡುಕುವವರು ಏನು ಮಾಡಬೇಕು

ಕಡಿಮೆ ಪದದಿಂದ ಶುರು ಮಾಡಿ. 'ಜಮೀನು', 'ಬಗ್ಗೆ' ಬೇಡ; ಎಲ್ಲ ಕಡತದಲ್ಲೂ ಇರದ ಒಂದು ಪದ ಸಾಕು, ಬಹುತೇಕ ಊರಿನ ಹೆಸರು. ಪದದ ಭಾಗ ಕೊಟ್ಟು ಹುಡುಕುವ ಸೌಲಭ್ಯವಿದ್ದರೆ ಕೊನೆಯ ಸ್ವರಚಿಹ್ನೆ ತೆಗೆದು ಕೊಡಿ: 'ಗೊರೂರು' ಎನ್ನದೆ 'ಗೊರೂರ' ಎಂದರೆ ಗೊರೂರು, ಗೊರೂರಿನ, ಗೊರೂರಿಗೆ ಎಲ್ಲವೂ ಬಲೆಗೆ ಬೀಳುತ್ತವೆ. ಸಿಗದಿದ್ದರೆ ಅನುಸ್ವಾರದ ಬದಲು ಅಂಕಿ ಸೊನ್ನೆ ಹಾಕಿ ಒಮ್ಮೆ, ಕನ್ನಡ ಅಂಕಿಯಲ್ಲಿ ಒಮ್ಮೆ, ಇಂಗ್ಲಿಷ್ ಅಂಕಿಯಲ್ಲಿ ಒಮ್ಮೆ ನೋಡಿ. ಮಂಜೂರಾತಿಗೆ ಸಿಗದ್ದು ದರಖಾಸ್ತು, ಗ್ರಾಂಟ್, ಸಾಗುವಳಿ ಎಂಬ ಪದಗಳಿಗೆ ಸಿಗಬಹುದು. ಹಳೆಯ ತಾಲ್ಲೂಕಿನ ಹೆಸರು ಮರೆಯಬೇಡಿ. ಫಲಿತಾಂಶದಲ್ಲಿ ಶೀರ್ಷಿಕೆಯ ಕೆಳಗೆ ವಿವರವೇ ಇಲ್ಲದ ಸಾಲು ಕಂಡರೆ ಅದನ್ನು ಖಾಲಿ ಎಂದು ದಾಟಿಹೋಗಬೇಡಿ. ಒಳಗಿನ ಪುಟಗಳು ಚಿತ್ರವಾಗಿರುವುದರಿಂದ ತೋರಿಸಲು ಪಠ್ಯವಿಲ್ಲ, ಅಷ್ಟೇ.

'ಲಭ್ಯವಿಲ್ಲ' ಎಂಬ ಹಿಂಬರಹ

ಇಷ್ಟೆಲ್ಲ ವಿವರ ಬೇಕಾಗುವುದು ಮುಂದಿನ ಪರಿಣಾಮಕ್ಕಾಗಿ. ರೆಕಾರ್ಡ್ ರೂಮಿನ ಕಪಾಟು ತೆರೆದು ಹುಡುಕುತ್ತಿದ್ದ ಕಾಲದಲ್ಲಿ 'ದಾಖಲೆ ಲಭ್ಯವಿಲ್ಲ' ಎಂದರೆ ಒಬ್ಬ ಮನುಷ್ಯ ನೋಡಿದ್ದಾನೆ ಎಂಬ ಅರ್ಥವಿತ್ತು. ಪರದೆಯ ಮೇಲೆ ನಾಲ್ಕು ಪದ ಹಾಕಿ ಸಿಗಲಿಲ್ಲವೆಂದು ಅದೇ ಹಿಂಬರಹ (ಅರ್ಜಿಗೆ ಕಚೇರಿಯ ಲಿಖಿತ ಉತ್ತರ) ಕೊಟ್ಟರೆ, ಆ ಕಾಗದ ನ್ಯಾಯಾಲಯದಲ್ಲಿ ಪಹಣಿ ತಿದ್ದುಪಡಿಗೋ ಮಂಜೂರಾತಿಯ ನೈಜತೆ ಪರಿಶೀಲನೆಗೋ ಸಾಕ್ಷಿಯಾಗಿ ಹಾಜರಾಗುತ್ತದೆ. ಸೂಚಿಯ ದೋಷ ಹಕ್ಕಿನ ದೋಷವಾಗಿಬಿಡುತ್ತದೆ.

ಮಾಹಿತಿ ಹಕ್ಕು ಕಾಯ್ದೆ 2005ರ ಕಲಂ 4(1)(ಎ) ಪ್ರಕಾರ ದಾಖಲೆಗಳನ್ನು ಸರಿಯಾಗಿ ಪಟ್ಟಿ ಮಾಡಿ, ಸೂಚಿ ಕಟ್ಟಿ, ಮಾಹಿತಿ ಪಡೆಯಲು ಅನುಕೂಲವಾಗುವಂತೆ ಇಡುವುದು ಪ್ರಾಧಿಕಾರದ ಕರ್ತವ್ಯ. ಹುಡುಕಲು ಬಾರದ ಸೂಚಿ ಈ ಕರ್ತವ್ಯವನ್ನು ಪೂರೈಸುವುದಿಲ್ಲ. ಆದ್ದರಿಂದ 'ಲಭ್ಯವಿಲ್ಲ' ಎಂಬ ಉತ್ತರ ಬಂದವರು ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಕಡತವನ್ನಷ್ಟೇ ಕೇಳದೆ, ಯಾವ ಪದಗಳಿಂದ ಹುಡುಕಲಾಯಿತು, ಯಾವ ಹೋಬಳಿ ಮತ್ತು ವರ್ಷಗಳ ರಿಜಿಸ್ಟರ್ ನೋಡಲಾಯಿತು, ಮೂಲ ಕಡತಗಳ ಕಟ್ಟು ಬಿಚ್ಚಿ ನೋಡಲಾಯಿತೇ ಎಂಬ ದಾಖಲೆಯನ್ನೂ ಕೇಳಬೇಕು. ಉತ್ತರಕ್ಕೆ 30 ದಿನಗಳ ಗಡುವು. ಅದು ಬಂದು 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬಹುದು.

ಕಚೇರಿಯ ಕಡೆಯಿಂದ ಆಗಬೇಕಾದ್ದು ಇದಕ್ಕಿಂತ ಸಣ್ಣದು. ಹಿಂಬರಹದಲ್ಲಿ 'ಕಂಪ್ಯೂಟರ್ ಸೂಚಿಯಲ್ಲಿ ಕಂಡುಬಂದಿಲ್ಲ' ಮತ್ತು 'ಮೂಲ ರಿಜಿಸ್ಟರ್‌ನಲ್ಲಿ ಕಂಡುಬಂದಿಲ್ಲ' ಎಂಬ ಎರಡು ವಾಕ್ಯಗಳನ್ನು ಬೇರೆ ಬೇರೆಯಾಗಿ ಬರೆಯುವುದು, ಎರಡನೆಯದನ್ನು ರಿಜಿಸ್ಟರ್ ನೋಡಿದವರೇ ದಿನಾಂಕ ಹಾಕಿ ಸಹಿ ಮಾಡುವುದು. ಅದಾಗಬೇಕಾದರೆ ಸ್ಕ್ಯಾನ್ ಮುಗಿದ ಮೇಲೂ ಹಳೆಯ ಕಡತ ವಹಿ ಕೈಗೆ ಸಿಗುವ ಕಪಾಟಿನಲ್ಲೇ ಇರಬೇಕು.